ಭಾರವಾದದ್ದು ಮೊದಲು

ಮಕ್ಕಳೇ,

ನೀವು ಕಳಿಸಿದ ಪಟ್ಟಿ ನೋಡಿದೆ. ಬಿದಿರಿನ ಹಲ್ಲುಜ್ಜುವ ಬ್ರಷ್ಷು, ತಾಮ್ರದ ಬಾಟಲಿ, ಸ್ಟೀಲಿನ ಸ್ಟ್ರಾ, ಜೇನುಮೇಣ ಬಳಿದ ಬಟ್ಟೆ, ಗಾಜಿನ ಡಬ್ಬಿಗಳ ಸೆಟ್ಟು, ಸಾವಯವ ಹತ್ತಿಯ ತರಕಾರಿ ಚೀಲ. ಎಲ್ಲ ಸೇರಿದರೆ ಒಂದು ತಿಂಗಳ ದಿನಸಿಯ ದುಡ್ಡು. "ಇನ್ನು ಮೇಲೆ ಭೂಮಿಗೆ ಭಾರವಾಗದ ಹಾಗೆ ಮನೆ ನಡೆಸಬೇಕು ಅಂತಿದ್ದೀವಿ ದೊಡ್ಡಮ್ಮ, ಏನಾದರೂ ಹೇಳಿ" ಅಂತ ಕೇಳಿದ್ದೀರಿ. ಕೇಳಿದ್ದಕ್ಕೆ ಖುಷಿಯಾಯಿತು. ಕೇಳದಿದ್ದರೂ ಹೇಳುವ ವಯಸ್ಸು ನನ್ನದು ಅನ್ನೋದು ಬೇರೆ ಮಾತು.

ಆ ಪಟ್ಟಿಯನ್ನು ಪಕ್ಕಕ್ಕಿಡಿ. ಅಡುಗೆಮನೆಯಲ್ಲಿ ಗಟ್ಟಿಮುಟ್ಟಾಗಿರುವ ಪ್ಲಾಸ್ಟಿಕ್ ಡಬ್ಬಿಗಳನ್ನು ಕಸಕ್ಕೆ ಹಾಕಿ ಗಾಜಿನವನ್ನು ತಂದರೆ ಭೂಮಿಗೆ ಆದ ಉಪಕಾರವೇನು? ಒಂದು ಡಬ್ಬಿ ಕಸಕ್ಕೆ ಹೋಯಿತು, ಇನ್ನೊಂದನ್ನು ಕುಲುಮೆಯಲ್ಲಿ ಕಾಯಿಸಿ, ಲಾರಿಯಲ್ಲಿ ಹೇರಿ ನಿಮ್ಮ ಬಾಗಿಲಿಗೆ ತಂದರು. ಇರುವ ಡಬ್ಬಿ ಒಡೆಯುವವರೆಗೂ ಉಪ್ಪಿಗೋ ಹುಣಸೆಹಣ್ಣಿಗೋ ಇರಲಿ. ಬಟ್ಟೆಯ ಚೀಲ ಬೇಕಾದರೆ ನಿಮ್ಮ ಅಮ್ಮನ ಬೀರುವಿನಲ್ಲಿ ಮದುವೆಮನೆಗಳಿಂದ ಬಂದ ತಾಂಬೂಲದ ಚೀಲಗಳು ಡಜನ್‌ಗಟ್ಟಲೆ ಬಿದ್ದಿವೆ. ಕೊಂಡು ಕೊಂಡು ಸರಳವಾಗುವುದು ಈ ಕಾಲದ ವಿಚಿತ್ರ ಹರಕೆ. ಅಂಗಡಿಯವರಿಗೆ ಅದರಿಂದ ಬಹಳ ಒಳ್ಳೆಯದಾಗಿದೆ.

ಹೇಳಬೇಕಾದ್ದು ಎರಡೇ ಇವೆ. ಮನೆಯಲ್ಲಿ ಯಾವುದು ನಿಜವಾಗಿ ಭಾರವೋ ಅದನ್ನು ಮೊದಲು ಹಿಡಿಯಿರಿ, ಕಣ್ಣಿಗೆ ಕಾಣುವುದನ್ನಲ್ಲ. ಆಮೇಲೆ ಆ ಕೆಲಸ ಯಾರ ಹೆಗಲ ಮೇಲೆ ಬೀಳುತ್ತದೆ ಅಂತ ಶುರುವಿನಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಎರಡನೆಯದನ್ನು ಮರೆತ ಮನೆಗಳಲ್ಲಿ ಈ ಉತ್ಸಾಹ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಭಾರದ ಮಾತು ಮೊದಲು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು, ಲೆಕ್ಕ ಹಾಕದೆ ಮಾತಾಡಿದರೆ ನನಗೇ ಸಮಾಧಾನವಿಲ್ಲ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಕರೆಂಟು ಬೇಕು. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಎರಡು ಹಗಲು ಎರಡು ರಾತ್ರಿ ಆರದೆ ಉರಿಯುತ್ತದೆ. ನಿಮಿಷಕ್ಕೆ ಎಂಟು ಲೀಟರ್ ಸುರಿಯುವ ಷವರಿನ ಕೆಳಗೆ ಹತ್ತು ನಿಮಿಷ ನಿಂತರೆ ನಾಲ್ಕು ಬಕೆಟ್ ಬಿಸಿನೀರು ಹೋಯಿತು, ಎರಡು ಯೂನಿಟ್ ಹತ್ತಿರ. ಮನೆಮನೆಯಲ್ಲೂ ನೋಡುತ್ತೇನೆ: ರೂಮಿನ ಲೈಟು ಆರಿಸಲಿಲ್ಲ ಅಂತ ಮಗುವನ್ನು ಗದರುವ ಅಪ್ಪ, ತಾನು ಬಚ್ಚಲಿನಲ್ಲಿ ಹಾಡು ಮುಗಿಯುವವರೆಗೂ ನೀರು ಬಿಟ್ಟುಕೊಂಡು ನಿಂತಿರುತ್ತಾನೆ. ಮಗು ಒಂದು ವಾರ ಲೈಟು ಆರಿಸಿ ಉಳಿಸಿದ್ದನ್ನು ಅಪ್ಪ ಒಂದು ಬೆಳಿಗ್ಗೆ ಕಳೆದ. ನಿನಗೇ ಹೇಳುತ್ತಿದ್ದೇನೆ ಕಣೋ, ಬೇರೆ ಯಾರಿಗೂ ಅಲ್ಲ.

ಅದಕ್ಕೇ ಆ ಪಟ್ಟಿಯ ದುಡ್ಡಿಗೆ ಇನ್ನಷ್ಟು ಸೇರಿಸಿ ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿ. ಮೂರು ಜನಕ್ಕೆ ದೊಡ್ಡದೇನೂ ಬೇಡ. ಬೆಂಗಳೂರಿನ ಬಿಸಿಲು ವರ್ಷದ ಬಹುಪಾಲು ದಿನ ಸಾಕಾಗುತ್ತದೆ; ಮೋಡ ಕವಿದ ಆಷಾಢ ಶ್ರಾವಣದಲ್ಲಿ ಗೀಸರ್ ಹಾಕಿಕೊಳ್ಳಿ, ಯಾರೂ ಬೈಯುವುದಿಲ್ಲ. ಒಂದು ವಿಷಯ ಗಮನಿಸಿ: ತಾರಸಿಯಿಂದ ಬಚ್ಚಲಿಗೆ ಇಳಿಯುವ ಪೈಪಿನಲ್ಲಿ ನಿಂತ ತಣ್ಣೀರು ಹೋದ ಮೇಲೆಯೇ ಬಿಸಿನೀರು ಬರುವುದು. ಆ ತಣ್ಣೀರನ್ನು ಮೋರಿಗೆ ಬಿಡಬೇಡಿ, ಒಂದು ಬಕೆಟ್ ಇಟ್ಟು ಹಿಡಿಯಿರಿ. ನೆಲ ಒರೆಸಲು ಅದೇ ಆಯಿತು.

ನೀರಿಗೂ ಕರೆಂಟಿಗೂ ಇನ್ನೊಂದು ನಂಟಿದೆ. ನಿಮ್ಮ ಸಂಪಿಗೆ ಬರುವ ಕಾವೇರಿ ತಾನಾಗಿ ಹರಿದು ಬಂದವಳಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿ ಎಂದು ಹಂತಹಂತವಾಗಿ ಪಂಪು ಮಾಡಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಿ ತರುತ್ತಾರೆ. ಸಾವಿರ ಲೀಟರನ್ನು 500 ಮೀಟರ್ ಎತ್ತಲು, ಪಂಪಿನಲ್ಲಿ ಏನೂ ನಷ್ಟವಿಲ್ಲ ಅಂದುಕೊಂಡರೂ, 1.36 ಯೂನಿಟ್ ಬೇಕು. ನಷ್ಟವನ್ನೂ ಸೇರಿಸಿದರೆ ಎರಡರ ಹತ್ತಿರ ಹೋಗುತ್ತದೆ. ಅಂದರೆ ಗೇಟಿನ ಮುಂದಿನ ರಸ್ತೆಗೆ ಪೈಪು ಹಿಡಿದು ನೀರು ಚಿಮ್ಮಿಸುವವರು ನೀರಿನ ಜೊತೆಗೆ ಕರೆಂಟನ್ನೂ ಚೆಲ್ಲುತ್ತಿದ್ದಾರೆ. 2024ರ ಬೇಸಿಗೆ ನಿಮಗೆ ನೆನಪಿರಬೇಕು. ಊರಿನ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೊರಡಿಸಿದ ಆದೇಶ ಪತ್ರಿಕೆಯಲ್ಲಿ ಬಂದಾಗ ನೀವೇ ನನಗೆ ಓದಿ ಹೇಳಿದಿರಿ. ಮಳೆ ಬಂದ ಮಾರನೆಯ ವಾರ ಆ ದಂಡವನ್ನೂ ಎಲ್ಲರೂ ಮರೆತರು.

ಮಳೆ ಅಂದಾಗ ನಿಮ್ಮ ತಾರಸಿಯ ಲೆಕ್ಕವನ್ನೂ ಮಾಡಿಬಿಡೋಣ. ಮೂವತ್ತು-ನಲವತ್ತರ ಸೈಟು, ಸಾವಿರ ಚದರಡಿಯ ತಾರಸಿ ಅಂದುಕೊಳ್ಳಿ. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 970 ಮಿಲಿಮೀಟರ್. ಆವಿಯಾದದ್ದು, ಸಿಡಿದದ್ದು, ಮೊದಲ ಮಳೆಯ ಕೊಳೆ ಅಂತ ಬಿಟ್ಟದ್ದು ಕಳೆದರೂ ವರ್ಷಕ್ಕೆ 75,000 ಲೀಟರ್ ಸಿಗುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಮಾನದಂಡ. ಆ ಪ್ರಕಾರ ಮೂವರಿಗೆ ವರ್ಷಕ್ಕೆ ಒಂದೂವರೆ ಲಕ್ಷ ಲೀಟರ್ ಬೇಕು. ಅರ್ಧ ನಿಮ್ಮ ಸೂರಿನ ಮೇಲೇ ಬೀಳುತ್ತಿದೆ, ಮೋರಿಗೆ ಹೋಗಿ ತಗ್ಗಿನ ಬಡಾವಣೆಯವರ ಮನೆಗೆ ನುಗ್ಗುತ್ತಿದೆ. 50 ಮಿಲಿಮೀಟರಿನ ಒಂದು ಜೋರು ಮಳೆ ಬಂದರೆ ಹತ್ತಿರ ಹತ್ತಿರ 4,000 ಲೀಟರ್. ನಿಮ್ಮ ಸಂಪು ಒಂದೇ ಸಂಜೆಗೆ ತುಂಬುತ್ತದೆ. ಮಿಕ್ಕಿದ್ದಕ್ಕೆ ಅಂಗಳದ ಮೂಲೆಯಲ್ಲಿ ಒಂದು ಇಂಗುಬಾವಿ ತೋಡಿಸಿ. ಕೈಯಲ್ಲೇ ಬಾವಿ ತೋಡಿ ಉಂಗುರ ಇಳಿಸುವ ಕಸುಬಿನವರು ಬೆಂಗಳೂರಿನ ಸುತ್ತಮುತ್ತ ಈಗಲೂ ಇದ್ದಾರೆ. ಅವರ ಕೈಗೂ ಕೆಲಸವಾಗುತ್ತದೆ.

2009ರ ಕಾನೂನು ದೊಡ್ಡ ಸೈಟುಗಳಿಗೆ, ಹೊಸ ಕಟ್ಟಡಗಳಿಗೆ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ನಿಮ್ಮದು ಹಳೆಯ ಚಿಕ್ಕ ಮನೆ, ಯಾರೂ ಬಂದು ಕೇಳುವುದಿಲ್ಲ. ಕೇಳುವವರಿಲ್ಲ ಅಂತ ಬಿಡುವುದೂ ಒಂದು ಅಭ್ಯಾಸ. ಎ.ಆರ್. ಶಿವಕುಮಾರ್ ಅನ್ನುವ ವಿಜ್ಞಾನಿ ಇದೇ ಬೆಂಗಳೂರಿನಲ್ಲಿ ‘ಸೌರಭ’ ಅಂತ ಮನೆ ಕಟ್ಟಿ, 1990ರ ದಶಕದ ಮಧ್ಯದಿಂದ ಮಳೆನೀರನ್ನೇ ನೆಚ್ಚಿಕೊಂಡು ಸಂಸಾರ ನಡೆಸಿ ತೋರಿಸಿದರು. ನೀವು ಅಷ್ಟು ದೂರ ಹೋಗಬೇಕಿಲ್ಲ. ಜಯನಗರದಲ್ಲಿ ಜಲಮಂಡಳಿಯವರು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಮಳೆಕೊಯ್ಲು ಉದ್ಯಾನ ಮಾಡಿದ್ದಾರೆ. ಒಂದು ಶನಿವಾರ ಪುಟ್ಟಿಯನ್ನೂ ಕರೆದುಕೊಂಡು ಹೋಗಿ, ನೋಡಿ, ಪ್ಲಂಬರಿಗೆ ಏನು ಹೇಳಬೇಕು ಅಂತ ತಿಳಿದುಕೊಂಡು ಬನ್ನಿ. ಪ್ಲಂಬರಿಗೆ ಗೊತ್ತಿರುತ್ತದೆ ಅಂತ ನಂಬಿ ಕೂರಬೇಡಿ.

ಕುಡಿಯುವ ನೀರಿನ ಆರ್‌ಓ ಯಂತ್ರ ಬದಲಿಸುವ ಯೋಚನೆಯಿದೆ ಅಂದಿರಲ್ಲ, ಮೊದಲು ನೀರು ಪರೀಕ್ಷೆ ಮಾಡಿಸಿ. ಆರ್‌ಓ ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಲವಣಾಂಶ ಇರುವ ಕಡೆ ಆ ಯಂತ್ರವೇ ಬೇಡ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಬೋರ್‌ವೆಲ್ಲಿನ ಗಡುಸು ನೀರಿಗೆ ಬೇಕಾದೀತು, ಬರೀ ಕಾವೇರಿ ನೀರಿಗೆ ಸಾಮಾನ್ಯವಾಗಿ ಬೇಡ.

ಕರೆಂಟಿನ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2023ರಿಂದ ಗೃಹಜ್ಯೋತಿ ಬಂದಿದೆ, ನಿಮ್ಮ ಬಿಲ್ಲು ಸೊನ್ನೆ. ಬಿಲ್ಲಿನಲ್ಲಿ ಸೊನ್ನೆ ಇದ್ದರೂ ಮೀಟರು ತಿರುಗುತ್ತಿದೆ, ಆ ಅಂಕಿ ಓದಿ. ನಮ್ಮ ಕರೆಂಟಿನಲ್ಲಿ ರಾಯಚೂರಿನ ಕಲ್ಲಿದ್ದಲಿನ ಬೂದಿಯಿದೆ. ಶರಾವತಿಯ ನೀರೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಬಿಟ್ಟು ಎದ್ದವರ ಮಕ್ಕಳು ಮೊಮ್ಮಕ್ಕಳು, ತಾವು ನೆಲೆನಿಂತ ಜಾಗದ ಹಕ್ಕುಪತ್ರಕ್ಕೆ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ನಿಮಗೆ ಪುಕ್ಕಟೆ ಬಂದ ಯೂನಿಟ್ಟಿಗೆ ಯಾರೋ ಬೆಲೆ ತೆತ್ತಿದ್ದಾರೆ. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟಿನದು, ಈಗಿನ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟು. ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯ ಫ್ಯಾನನ್ನು ಮೊದಲು ಬದಲಿಸಿ. ಅಪರೂಪಕ್ಕೆ ತಿರುಗುವ ದೇವರಮನೆಯ ಫ್ಯಾನು ಕೆಟ್ಟಾಗ ನೋಡಿಕೊಂಡರಾಯಿತು.

ಈಗ ಎರಡನೆಯ ಮಾತಿಗೆ ಬರುತ್ತೇನೆ. ಇದನ್ನು ನಿಧಾನವಾಗಿ ಓದಿ.

"ನಿಮ್ಮ ಕಾಲವೇ ಚೆನ್ನಾಗಿತ್ತು ದೊಡ್ಡಮ್ಮ, ಪ್ಲಾಸ್ಟಿಕ್ಕೇ ಇರಲಿಲ್ಲ, ಏನೂ ವ್ಯರ್ಥವಾಗುತ್ತಿರಲಿಲ್ಲ" ಅಂತ ನೀವು ಆಗಾಗ ಹೇಳುತ್ತೀರಿ. ಹೌದು, ವ್ಯರ್ಥವಾಗುತ್ತಿರಲಿಲ್ಲ. ಅರಸೀಕೆರೆ ಸೀಮೆಯ ನಮ್ಮ ಮನೆಯಲ್ಲಿ ತೆಂಗಿನಮರದ ಒಂದು ಗರಿಯೂ ದಂಡವಾಗಲಿಲ್ಲ. ಮಟ್ಟೆ ಬಚ್ಚಲೊಲೆಗೆ, ಕರಟ ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ, ಕಡ್ಡಿ ಪೊರಕೆಗೆ, ಬೂದಿ ಪಾತ್ರೆ ಬೆಳಗಲು, ಪಾತ್ರೆ ಬೆಳಗಿದ ನೀರು ಬಾಳೆಬುಡಕ್ಕೆ, ಅಕ್ಕಚ್ಚು ಎಮ್ಮೆಗೆ. ಕೇಳಲು ಚೆಂದ. ಆದರೆ ಆ ಮಟ್ಟೆ ಬಿಸಿಲಿಗೆ ಹರಡಿದವರು ಯಾರು, ಮಳೆ ಬಂದರೆ ಓಡಿಹೋಗಿ ಒಟ್ಟಿದವರು ಯಾರು? ನಮ್ಮಮ್ಮ ಊದುಕೊಳವೆ ಹಿಡಿದು ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದಳು. ನಲವತ್ತಕ್ಕೇ ಕೆಮ್ಮು ಹತ್ತಿತು. ಬಾವಿಯಿಂದ ನೀರು ಸೇದಿದ ಕೈಯೇ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿತ್ತು. ನಮ್ಮ ತಂದೆ ಸರಳಜೀವಿ ಅಂತ ಊರಲ್ಲಿ ಹೆಸರು ಮಾಡಿದ್ದರು. ಆ ಹೆಸರಿನ ಹಿಂದೆ ಅಮ್ಮ, ನಾವು ಮೂವರು ಹೆಣ್ಣುಮಕ್ಕಳು ದುಡಿದದ್ದು ಯಾರ ಲೆಕ್ಕದಲ್ಲೂ ಬರಲಿಲ್ಲ. ಗ್ಯಾಸಿನ ಒಲೆ ಮನೆಗೆ ಬಂದ ದಿನ ಅಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ಅದನ್ನು ನೋಡಿದವಳು ನಾನು, ಹಳೆಯ ಕಾಲಕ್ಕೆ ಹೋಗೋಣ ಅಂತ ನಿಮಗೆ ಖಂಡಿತ ಹೇಳಲಾರೆ.

ಈ ವಿಷಯ ನಮ್ಮ ರಾಜ್ಯದ ವಿಜ್ಞಾನಿಗಳ ಕಣ್ಣಿಗೆ ಬಹಳ ಹಿಂದೆಯೇ ಬಿದ್ದಿತ್ತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಅನ್ನುವ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಹೊಗೆ ಕಡಿಮೆ, ಸೌದೆ ಕಡಿಮೆ ಅಂತ ನಮ್ಮ ಹಳ್ಳಿಗಳಲ್ಲಿ ಮಾತಾಗಿದ್ದ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಅವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಊರಿನಲ್ಲಿ ಕೂತು, ಊರಿಗೆ ಬೇಕಾದ ಶಕ್ತಿಯೆಲ್ಲ ಎಲ್ಲಿಂದ ಬರುತ್ತದೆ ಅಂತ ಲೆಕ್ಕ ಹಾಕಿದಾಗ ಕಂಡದ್ದು, ಸೌದೆ ತರುವ ನೀರು ಹೊರುವ ಹೆಂಗಸರ ಮಕ್ಕಳ ಗಂಟೆಗಟ್ಟಲೆ ದುಡಿಮೆ. ಊರಿಗೆಲ್ಲ ಅಡುಗೆಗೆ ಗೋಬರ್ ಗ್ಯಾಸ್ ಕೊಡುವುದು ಮೊದಲ ಯೋಜನೆ. ಅಷ್ಟು ಸಗಣಿ ಸಾಲಲಿಲ್ಲ. ಊರವರೊಡನೆ ಕೂತು ಮಾತಾಡಿದ ಮೇಲೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, 1987ರ ಹೊತ್ತಿಗೆ ಮನೆಗಳಿಗೆ ದೀಪ, ಬಾಗಿಲಿನ ಹತ್ತಿರಕ್ಕೆ ಕುಡಿಯುವ ನೀರು ಕೊಟ್ಟರು. ದೊಡ್ಡ ವಿಜ್ಞಾನಿಗಳೇ ಹೊರುವವರನ್ನು ಕೇಳಿ ಯೋಜನೆ ಬದಲಿಸಿಕೊಂಡಿದ್ದಾರೆ. ಮನೆಯ ಯಜಮಾನನಿಗೆ ಕೇಳಲು ಏನು ಕಷ್ಟ?

ನಿಮ್ಮ ಮನೆಯನ್ನೇ ತೆಗೆದುಕೊಳ್ಳಿ. ಪಟ್ಟಿ ಮಾಡಿದವನು ನೀನು. ಗೊಬ್ಬರದ ಡಬ್ಬಿ ಕಲಕುವವರು ಯಾರು? ದಿನಸಿಯನ್ನು ಪ್ಯಾಕೆಟ್ ಇಲ್ಲದೆ ಸಡಿಲವಾಗಿ ತರಲು ಎರಡು ಅಂಗಡಿ ಹೆಚ್ಚು ತಿರುಗುವವರು ಯಾರು? ಹಾಲಿನ ಕವರು ತೊಳೆದು ಒಣಗಿಸುವವರು? ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇವೆಲ್ಲ ತಾನಾಗಿ ಒಬ್ಬಳ ಪಾಲಿಗೆ ಬೀಳುತ್ತವೆ, ಯಾರೂ ನಿರ್ಧಾರ ಮಾಡದೆಯೇ ಬೀಳುತ್ತವೆ. ಅವಳು ಆರು ತಿಂಗಳು ಮಾಡುತ್ತಾಳೆ, ಆಮೇಲೆ ಒಂದು ದಿನ ಸುಸ್ತಾಗಿ ಬಿಡುತ್ತಾಳೆ. ಆಗ "ನಿನಗೆ ಕಾಳಜಿ ಇಲ್ಲ" ಅನ್ನುವ ಮಾತು ಬರುತ್ತದೆ. ಆ ಮಾತು ನಿಮ್ಮ ಮನೆಯಲ್ಲಿ ಬರಬಾರದು. ಯಾವ ಹೊಸ ಪದ್ಧತಿ ತಂದರೂ, ತಂದವರೇ ಮೂರು ತಿಂಗಳು ಅದನ್ನು ಮಾಡಬೇಕು ಅಂತ ಮನೆಯಲ್ಲಿ ಒಂದು ಕಾನೂನು ಮಾಡಿಕೊಳ್ಳಿ. ಅರ್ಧ ಆಲೋಚನೆಗಳು ಅಲ್ಲೇ ಬಿದ್ದುಹೋಗುತ್ತವೆ, ಉಳಿದವು ನಿಲ್ಲುತ್ತವೆ.

ಮನೆಗೆಲಸಕ್ಕೆ ಬರುವಾಕೆಯನ್ನೂ ಮರೆಯಬೇಡಿ. ಪಾತ್ರೆ ತೊಳೆಯುವ ಸೋಪು ಬಿಟ್ಟು ಅಂಟುವಾಳದ ನೀರು ಅಂತ ನೀವು ತೀರ್ಮಾನ ಮಾಡಿದರೆ ಜಿಡ್ಡು ಬಿಡಿಸಲು ಹೆಚ್ಚು ಹೊತ್ತು ತಿಕ್ಕುವವಳು ಅವಳು. ಅವಳಿಗೆ ಇನ್ನೂ ನಾಲ್ಕು ಮನೆ ಇವೆ. ಅಂಟುವಾಳ ಒಳ್ಳೆಯದೇ, ನಿಮ್ಮ ರೇಷ್ಮೆ ಸೀರೆಗೆ, ಉಣ್ಣೆ ಬಟ್ಟೆಗೆ, ಚಿನ್ನಬೆಳ್ಳಿಗೆ ಬಳಸಿ, ನೀವೇ ಒಗೆಯಿರಿ. ಪಾತ್ರೆಯ ವಿಷಯದಲ್ಲಿ ಮಾಡಬೇಕಾದ್ದು ಸುಲಭ: ಉಂಡ ತಕ್ಷಣ ತಟ್ಟೆಗೆ ನೀರು ಬಿಟ್ಟಿಡಿ, ಎಣ್ಣೆಯ ಬಾಣಲೆಯನ್ನು ಹಳೆಯ ಪೇಪರಿನಲ್ಲಿ ಒರೆಸಿಡಿ. ಅವಳಿಗೂ ಹಗುರ, ಮೋರಿಗೂ ಹಗುರ.

ಮೋರಿಗೆ ಹೋದದ್ದು ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಕಡೆಯವರಿಗೆ ಯೋಚಿಸುವ ಅಭ್ಯಾಸ ಕಡಿಮೆ. ಬೆಳ್ಳಂದೂರು ಕೆರೆ ನೊರೆ ಉಕ್ಕಿ ರಸ್ತೆಗೆ ಹಾರಿದ್ದು, ಅದೇ ಕೆರೆಗೆ ಬೆಂಕಿ ಹತ್ತಿದ್ದು ದೇಶವೆಲ್ಲ ನೋಡಿತು. ಆ ನೊರೆಯಲ್ಲಿ ಮನೆಮನೆಯ ಬಟ್ಟೆಸೋಪೂ ಇತ್ತು. ಇನ್ನೊಂದು ಇನ್ನೂ ಹತ್ತಿರದ್ದು: 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಮೂರನೆಯ ಹಂತವೂ ಬೇಕು ಅಂತ ಅಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ನಿಮ್ಮ ಬಚ್ಚಲಿನಲ್ಲಿ ಸುರಿದ ಟಾಯ್ಲೆಟ್ ಕ್ಲೀನರು ಯಾರದೋ ಟೊಮೇಟೊ ತೋಟದ ಪಕ್ಕದ ಕೆರೆಗೆ ಹೋಗಿ ನಿಲ್ಲಬಹುದು. ವಾಷಿಂಗ್ ಮೆಷೀನಿಗೆ ಹಾಕುವ ಪುಡಿಯನ್ನು ಅರ್ಧಕ್ಕೆ ಇಳಿಸಿ ನೋಡಿ, ಬಟ್ಟೆ ಅಷ್ಟೇ ಬೆಳ್ಳಗಿರುತ್ತದೆ. ಪೊಟ್ಟಣದ ಮೇಲಿನ ಅಳತೆ ಬರೆದವರು ಪುಡಿ ಮಾರುವವರು.

ಕಸದ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಸಿ ಕಸ ಹಸಿರು ಡಬ್ಬಿ, ನೈರ್ಮಲ್ಯದ ಕಸ ಕೆಂಪು ಡಬ್ಬಿ, ಒಣ ಕಸ ಚೀಲ. ಎರಡು ಡಬ್ಬಿ ಒಂದು ಚೀಲ ಅಂತ ಹೈಕೋರ್ಟು 2015ರಲ್ಲಿ ಹೇಳುವವರೆಗೂ ನಾವು ಎಲ್ಲವನ್ನೂ ಒಂದೇ ಕವರಿಗೆ ತುಂಬಿ ಬಾಗಿಲಾಚೆ ಇಡುತ್ತಿದ್ದೆವು. ಅದು ಮಾವಳ್ಳಿಪುರಕ್ಕೆ, ಅಲ್ಲಿಯವರು ತಡೆದ ಮೇಲೆ ಮಂಡೂರಿಗೆ ಹೋಗುತ್ತಿತ್ತು. ಮಂಡೂರಿನವರು ಮೂಗು ಮುಚ್ಚಿಕೊಂಡು ಹೋರಾಡಿ 2014ರ ಕೊನೆಗೆ ಲಾರಿ ನಿಲ್ಲಿಸಿದರು. ಕಸ ಬೇರೆ ಮಾಡುವುದನ್ನು ಊರು ಕಲಿತದ್ದು ಆ ಹಳ್ಳಿಗಳವರು ಬೀದಿಗಿಳಿದ ಮೇಲೆ. ಕೆಂಪು ಡಬ್ಬಿಯ ಕಸವನ್ನು ಪೇಪರಿನಲ್ಲಿ ಸುತ್ತಿ ಗುರುತು ಮಾಡಿ ಕೊಡಿ, ಅದನ್ನು ಬಿಚ್ಚುವುದು ಒಬ್ಬ ಮನುಷ್ಯನ ಬರಿಗೈ. ಮುಟ್ಟಿನ ಕಪ್ ಬಳಸಿದರೆ ಆ ಡಬ್ಬಿ ಅರ್ಧ ಖಾಲಿಯಾಗುತ್ತದೆ. ನಮ್ಮ ಸರ್ಕಾರವೇ ದಕ್ಷಿಣ ಕನ್ನಡ, ಚಾಮರಾಜನಗರದ ಹುಡುಗಿಯರಿಗೆ ಅದನ್ನು ಕೊಟ್ಟು ನೋಡಿದೆ. ಇದು ಸೊಸೆಗೆ ಹೇಳಿದ ಮಾತು, ಅವಳ ಮೈ, ಅವಳ ತೀರ್ಮಾನ. ಅದರಲ್ಲಿ ನೀನು ಬಾಯಿ ಹಾಕಬೇಡ.

ಗೊಬ್ಬರ ಮಾಡುವುದಾದರೆ ದುಬಾರಿ ಡಬ್ಬಿ ಬೇಡ. ತೂತು ಕೊರೆದ ಹಳೆಯ ಪೇಂಟ್ ಬಕೆಟ್ ಎರಡು ಸಾಕು. ಒಂದು ತುಂಬಿ ಮಾಗುವಾಗ ಇನ್ನೊಂದು ನಡೆಯುತ್ತಿರಲಿ. ಒಂದು ಹಿಡಿ ತರಕಾರಿ ಸಿಪ್ಪೆಗೆ ಎರಡು ಹಿಡಿ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ. ಶುರುವಿಗೆ ಹುಳಿ ಮಜ್ಜಿಗೆ ಚಿಮುಕಿಸಿ, ಅಥವಾ ಯಾರದಾದರೂ ಹಳೆಯ ಗೊಬ್ಬರದ ಒಂದು ಬೊಗಸೆ ಹಾಕಿ. ನಾತ ಬಂದರೆ ನೀರು ಹೆಚ್ಚಾಯಿತು, ಒಣ ಎಲೆ ಹಾಕಿ ಕಲಕಿ. ಏನೂ ಆಗದೆ ಹಾಗೇ ಕೂತರೆ ಒಣಗಿತು, ಒಂದು ಲೋಟ ನೀರು. ಬೂದುಬಣ್ಣದ ದಪ್ಪ ಹುಳ ಬಂದರೆ ಕಿರುಚಬೇಡಿ. ಅವು ಕಸ ತಿನ್ನಲು ಬಂದವು, ಮನೆಯೊಳಗೆ ಬರುವುದಿಲ್ಲ. ಬೇಯಿಸಿದ ಅನ್ನ, ಎಣ್ಣೆಯ ಪಲ್ಯ ಬೇಡ. ಅದು ಉಳಿಯದ ಹಾಗೆ ಅಡುಗೆ ಮಾಡುವುದೇ ಅದಕ್ಕೆ ಗೊಬ್ಬರ. ತಾರಸಿಗೆ ಹತ್ತುವುದು ಬೇಸರವಾದರೆ ಬಿಟ್ಟುಬಿಡಿ, ಹಸಿರು ಡಬ್ಬಿಗೇ ಚೊಕ್ಕಟವಾಗಿ ಹಾಕಿ; ಬೇರೆ ಮಾಡಿ ಕೊಟ್ಟದ್ದೇ ದೊಡ್ಡ ಕೆಲಸ.

ಅಡುಗೆಮನೆಯಲ್ಲಿ ನನಗೆ ಮಾತು ಜಾಸ್ತಿ, ಆದರೂ ಕಡಿಮೆ ಮಾಡುತ್ತೇನೆ. ಕ್ವಿನೋವಾ ತರಿಸುತ್ತೀರಂತೆ, ಸಮುದ್ರ ದಾಟಿ ಬಂದದ್ದು. ನಿಮ್ಮ ಮನೆಯಿಂದ ಮೂವತ್ತು ಮೈಲಿಯಲ್ಲಿ ಮಳೆ ನೆಚ್ಚಿಕೊಂಡು ಬೆಳೆದ ರಾಗಿಯಿದೆ. ಗದ್ದೆಯಲ್ಲಿ ನೀರು ನಿಲ್ಲಿಸಿ ಬೆಳೆಯುವ ಅಕ್ಕಿಗೆ ಬೇಕಾದಷ್ಟು ನೀರು ರಾಗಿಗೆ ಬೇಡ, ನೀರು ನಿಂತ ಗದ್ದೆಯಿಂದ ಮೇಲೇಳುವ ಮೀಥೇನ್ ಅನಿಲವೂ ಇಲ್ಲ. ಅನ್ನ ಬಿಡಿ ಅನ್ನುತ್ತಿಲ್ಲ, ಮೈಸೂರು ಸೀಮೆಯವರಿಗೆ ಹಾಗೆ ಹೇಳಿ ನಾನು ಉಳಿಯಲಾರೆ. ರಾತ್ರಿ ಒಂದು ಹೊತ್ತು ಮುದ್ದೆಯೋ ರೊಟ್ಟಿಯೋ ಆಗಲಿ. ಸೊಪ್ಪಿನ ಕಾಲದಲ್ಲಿ ಬಸ್ಸಾರು ಮಾಡಿದರೆ ಬೇಳೆ ಬೆಂದ ನೀರೂ ವ್ಯರ್ಥವಾಗುವುದಿಲ್ಲ, ಪಲ್ಯವೂ ಆಯಿತು. ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದರೆ ಕುಕ್ಕರಿನ ಸೀಟಿ ಅರ್ಧ ಕಡಿಮೆ. ಹೀರೆಕಾಯಿ ಸಿಪ್ಪೆಯ ಚಟ್ನಿ ಪುಟ್ಟಿಗೆ ಇಷ್ಟ, ನನಗೆ ಗೊತ್ತು. ಮುಖ್ಯವಾದದ್ದು ಫ್ರಿಜ್ಜು. ತಿಂಗಳ ಕೊನೆಗೆ ಅದರ ಹಿಂದಿನ ಸಾಲಿನಿಂದ ಕೊಳೆತು ಹೊರಬರುವುದನ್ನು ಒಮ್ಮೆ ತೂಕ ಮಾಡಿ ನೋಡಿ. ಅದನ್ನು ಬೆಳೆದ ನೀರು, ಸಾಗಿಸಿದ ಡೀಸೆಲ್ಲು, ತಣ್ಣಗಿಟ್ಟ ಕರೆಂಟು, ಎಲ್ಲವೂ ಆ ಕವರಿನಲ್ಲಿದೆ. ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪು ಬಂದ ಮೇಲೆ ಇದು ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಆಗ ಬೇಕು ಅನ್ನಿಸಿತು, ಆಗಲೇ ಬಂತು, ಆಮೇಲೆ ಮರೆತುಹೋಯಿತು.

ಇನ್ನು ನೆಂಟರು. ಹೋದ ಯುಗಾದಿಗೆ ನಿಮ್ಮ ಚಿಕ್ಕಪ್ಪ ನೀರಿನ ಬಾಟಲಿಗಳ ಕೇಸು ತಂದಾಗ ನೀವು ಮುಖ ಗಂಟಿಕ್ಕಿದಿರಂತೆ, ಅವರು ನೊಂದುಕೊಂಡರು. ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ, ನಿಮಗಿನ್ನೂ ಮನೆ ಗೆಲ್ಲುವುದೇ ಬಾಕಿಯಿದೆ. ನಿಮ್ಮ ಮನೆಯ ಊಟಕ್ಕೆ ಬಂದವರಿಗೆ ಬಾಳೆಎಲೆ ಹಾಕಿ, ಸ್ಟೀಲ್ ಲೋಟ ಇಡಿ. ಜನ ಹೆಚ್ಚಾದರೆ ಅದಮ್ಯ ಚೇತನದವರ ಪ್ಲೇಟ್ ಬ್ಯಾಂಕಿನಿಂದ ಸ್ಟೀಲ್ ತಟ್ಟೆ ತಂದು, ತೊಳೆದು ಹಿಂದಿರುಗಿಸಿ. ಅವರವರ ಮನೆಯಲ್ಲಿ ಅವರು ಏನು ಕೊಟ್ಟರೂ ತೆಗೆದುಕೊಂಡು ಉಣ್ಣಿ. ನೆಂಟಸ್ತಿಕೆ ಮುರಿದು ಉಳಿಸುವ ಪ್ಲಾಸ್ಟಿಕ್ ಲೋಟದಿಂದ ಭೂಮಿ ತಣ್ಣಗಾಗುವುದಿಲ್ಲ.

ಪುಟ್ಟಿಯ ಮುಂದೆ ಭೂಮಿ ಸುಟ್ಟುಹೋಗುತ್ತದೆ, ನೀರು ಮುಗಿದುಹೋಗುತ್ತದೆ ಅಂತ ದಿನಾ ಮಾತಾಡಬೇಡಿ. ಐದು ವರ್ಷದ ಮಗು ಅದನ್ನು ಹೊತ್ತುಕೊಂಡು ಮಲಗುತ್ತದೆ. ಅವಳಿಗೆ ಒಂದು ಕೆಲಸ ಕೊಡಿ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುವುದು ಅವಳದೇ ಜವಾಬ್ದಾರಿ, ದೊಡ್ಡವರು ಯಾರೂ ಹಾಕುವ ಹಾಗಿಲ್ಲ. ಗಿಡ ಬೆಳೆದರೆ ಅದನ್ನು ಅವಳೇ ನೋಡುತ್ತಾಳೆ. ಸೂರಿನ ನೀರು ಸಂಪಿಗೆ ಇಳಿಯುವ ಸದ್ದನ್ನು ಕೇಳಿಸಿ. ದೊಡ್ಡವಳಾದ ಮೇಲೆ ಏನು ಬೇಕೋ ಅವಳೇ ಓದಿಕೊಳ್ಳುತ್ತಾಳೆ.

ಮನೆ ಸರಿಮಾಡಿದರೆ ಲೋಕ ಸರಿಯಾಗುತ್ತದೆ ಅಂತ ನಾನು ನಂಬಿದವಳಲ್ಲ. ನಿಮ್ಮ ಮನೆಯಲ್ಲಿ ಉಳಿದ ನೀರನ್ನು ಒಂದು ಒಡೆದ ದೊಡ್ಡ ಪೈಪು ಒಂದು ಗಂಟೆಯಲ್ಲಿ ರಸ್ತೆಗೆ ಸುರಿಯಬಹುದು. ಅದಕ್ಕೇ ಬಿಡುವಾದಾಗ ವಾರ್ಡಿನ ಸಭೆಗೆ ಹೋಗಿ, ಪಕ್ಕದ ಕೆರೆಗೆ ಯಾರ ಕೊಳಚೆ ಬರುತ್ತಿದೆ ಅಂತ ಕೇಳಿ, ದೂರು ಬರೆಯಿರಿ. ಮನೆಯಲ್ಲಿ ಲೆಕ್ಕ ಇಟ್ಟವರು ಅಧಿಕಾರಿಯ ಮುಂದೆ ಕೂತಾಗ ಅಂಕಿ ಹಿಡಿದು ಮಾತಾಡಬಹುದು, ಅದೊಂದು ಅನುಕೂಲ. ಹೋಗುವಾಗ ಇಬ್ಬರೂ ಸರದಿಯಲ್ಲಿ ಹೋಗಿ. ಒಬ್ಬರು ಸಭೆಗೆ, ಒಬ್ಬರು ಅಡುಗೆಗೆ.

ಸಂಕ್ರಾಂತಿಗೆ ನಾನು ಬರುತ್ತಿದ್ದೇನೆ. ಸೊಗಡು ಅವರೆಯ ಕಾಲ. ಕೆಲಸ ಹಂಚುವಾಗ ನನ್ನ ಹೆಸರನ್ನೂ ಬರೆದುಕೊಳ್ಳಿ. ಗೊಬ್ಬರದ ಬಕೆಟ್ ಕಲಕಲು ಬೆನ್ನು ಬಗ್ಗುವುದಿಲ್ಲ, ಅದು ನನಗೆ ಬೇಡ. ಅವರೆಕಾಯಿ ಸುಲಿಯುವುದು, ಬೇಳೆ ಹಿಚುಕುವುದು ಎಷ್ಟಿದ್ದರೂ ಮಾಡುತ್ತೇನೆ. ಸಿಪ್ಪೆ ಮೇಲೆ ತಾರಸಿಗೆ ಹೊತ್ತುಕೊಂಡು ಹೋಗುವವನು ನೀನು.

ನಿಮ್ಮ
ದೊಡ್ಡಮ್ಮ